ಯಾರ ಉಸಿರು? ಮನೆಯಂಗಳದಲ್ಲಿ ಬಾನೆಟ್ ತೆರೆದವರ ಚರಿತ್ರೆ

ಕಾರಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಾರ್ಖಾನೆಯಿಂದ ಹೊರಡುತ್ತಾರೆ. ಯಾರು ತಯಾರಿಸಿದರು, ಯಾವ ವರ್ಷ ಮಾರುಕಟ್ಟೆಗೆ ಬಂತು, ಯಾವ ಅರಸು ಅಥವಾ ಯಾವ ಸಿನಿಮಾ ನಟ ಕೊಂಡ ಎಂಬಲ್ಲಿಗೆ ಆ ಚರಿತ್ರೆ ಮುಗಿಯುತ್ತದೆ. ಕೊಂಡ ಮೇಲೆ ಮನೆಯಂಗಳದಲ್ಲಿ ಆ ಕಾರಿಗೆ ಏನಾಯಿತು, ಯಾರು ಯಾವ ಪಾನಾ ಹಿಡಿದು ಅದರ ಯಾವ ಭಾಗವನ್ನು ಬಿಚ್ಚಿದರು, ಏನನ್ನು ತೆಗೆದು ಏನನ್ನು ಕೂರಿಸಿದರು ಎಂಬುದು ದಾಖಲೆಗೆ ಬರುವುದು ಅಪರೂಪ. ಇಂದು ಹೈದರಾಬಾದಿನ ಗಚ್ಚಿಬೌಲಿಯಲ್ಲೋ ಮಿಯಾಪುರದಲ್ಲೋ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲಿ, ರಜಾದಿನದ ಬೆಳಿಗ್ಗೆ, ತರುಣನೊಬ್ಬ ತನ್ನ ವೇಗದ ಕಾರಿನ ಏರ್ ಫಿಲ್ಟರ್ ಪೆಟ್ಟಿಗೆಯನ್ನು ಹೊರತೆಗೆದು ಅಲ್ಲಿ ಶಂಕುವಿನಾಕಾರದ ಬೇರೊಂದು ಫಿಲ್ಟರನ್ನೂ ನುಣುಪಾದ ಕೊಳವೆಯನ್ನೂ ಜೋಡಿಸುತ್ತಿದ್ದರೆ, ಇದು ಹಣವುಳ್ಳ ಹೊಸ ಪೀಳಿಗೆಯ ಶೋಕಿ ಎಂದು ನಾವು ಮುಂದೆ ನಡೆದುಬಿಡುತ್ತೇವೆ. ಆದರೆ ಆ ಕೆಲಸಕ್ಕೆ ಈ ದಖ್ಖನ್ನಿನ ನೆಲದಲ್ಲಿ ಬಹಳ ಹಿಂದಿನ ಬೇರುಗಳಿವೆ. ಬಡತನ, ಧೂಳು, ಪರವಾನಗಿ ರಾಜ್ಯ, ನ್ಯಾಯಾಲಯದ ತೀರ್ಪು ಎಲ್ಲವೂ ಆ ಬೇರುಗಳಲ್ಲಿ ಹೆಣೆದುಕೊಂಡಿವೆ. ಎಂಜಿನ್ನಿಗೆ ಇನ್ನಷ್ಟು ಗಾಳಿ ಕೊಡುವ ಈ ಸಣ್ಣ ಕೆಲಸದ ಚರಿತ್ರೆಯನ್ನು ಹಿಂಬಾಲಿಸಿದರೆ ಕೊನೆಗೆ ನಾವು ತಲುಪುವುದು ಒಂದು ದೊಡ್ಡ ಪ್ರಶ್ನೆಯ ಬಳಿಗೆ: ಯಾರ ಉಸಿರಿಗೆ ಯಾವ ಬೆಲೆ?

ಉಸಿರಾಡುವ ಯಂತ್ರ

ಕಾರು ಪೆಟ್ರೋಲಿನಿಂದ ಓಡುತ್ತದೆ ಎಂಬುದು ಅರ್ಧ ಸತ್ಯ. ಪೆಟ್ರೋಲು ಸಂಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಲೆಕ್ಕ ಹಾಕಿದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ನಾವು ಹಣ ಕೊಟ್ಟು ಕೊಳ್ಳುವುದು ಪೆಟ್ರೋಲನ್ನಾದರೂ ಎಂಜಿನ್ನು ಸೇವಿಸುವುದರಲ್ಲಿ ಬಹುಪಾಲು ಪುಕ್ಕಟೆಯಾಗಿ ಸಿಗುವ ಗಾಳಿಯನ್ನೇ. 1089 ಸಿ.ಸಿ.ಯ ಹಳೆಯ ಫಿಯಟ್ ಎಂಜಿನ್ನು ಆಕ್ಸಿಲರೇಟರ್ ಪೂರ್ತಿ ಒತ್ತಿದ ಸ್ಥಿತಿಯಲ್ಲಿ ನಿಮಿಷಕ್ಕೆ 4,000 ಸುತ್ತು ತಿರುಗುತ್ತಿದ್ದರೆ, ಲೆಕ್ಕದ ಮಟ್ಟಿಗೆ, ನಿಮಿಷಕ್ಕೆ 2,100 ಲೀಟರಿಗೂ ಹೆಚ್ಚು ಗಾಳಿಯನ್ನು ಒಳಗೆಳೆಯುತ್ತದೆ. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಏಳೆಂಟು ಲೀಟರ್ ಗಾಳಿ ಸೇವಿಸುತ್ತಾನೆ. ಎಂದರೆ ಆ ಪುಟ್ಟ ಕಾರು ಒಂದು ಮದುವೆ ಮಂಟಪದ ಜನರಷ್ಟು ಉಸಿರಾಡುತ್ತಿರುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಇಂಗ್ಲಿಷಿನಲ್ಲಿ 'ನ್ಯಾಚುರಲಿ ಆಸ್ಪಿರೇಟೆಡ್' ಎಂಬ ಹೆಸರಿದೆ. ಉಸಿರಾಟ ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಆ ಪದಕ್ಕೆ 'ಇನ್‌ಸ್ಪಿರೇಷನ್' ಸೋದರಿ. ಯಂತ್ರಜ್ಞರು ಇಟ್ಟ ಹೆಸರಾದರೂ ಅದರಲ್ಲಿ ಪ್ರಾಣದ ಕಲ್ಪನೆ ಸೇರಿಕೊಂಡಿದೆ.

ಹೀಗಿರುವಾಗ ಗಾಳಿಯ ಗುಣ ಬದಲಾದರೆ ಎಂಜಿನ್ನಿನ ಬಲವೂ ಬದಲಾಗುತ್ತದೆ. ಹೈದರಾಬಾದು ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಮದ್ರಾಸಿನ ಕಡಲತೀರಕ್ಕೆ ಹೋಲಿಸಿದರೆ ಹೈದರಾಬಾದಿನ ಗಾಳಿಯ ಸಾಂದ್ರತೆ ನೂರಕ್ಕೆ ಐದರಷ್ಟು, ಬೆಂಗಳೂರಿನದು ನೂರಕ್ಕೆ ಎಂಟು ಒಂಬತ್ತರಷ್ಟು ಕಡಿಮೆ. ಅದರ ಮೇಲೆ ಹೈದರಾಬಾದಿನ ಮೇ ತಿಂಗಳ 42 ಡಿಗ್ರಿ ಬಿಸಿಲು ಬಂದರೆ ಗಾಳಿ ಹಿಗ್ಗಿ ಇನ್ನೂ ನೂರಕ್ಕೆ ಐದರಷ್ಟು ತೆಳುವಾಗುತ್ತದೆ. ಆದ್ದರಿಂದ ನಮ್ಮ ಪ್ರಸ್ಥಭೂಮಿಯ ಕಾರುಗಳು ಹುಟ್ಟಿನಿಂದಲೇ ಸ್ವಲ್ಪ ಏದುಸಿರಿನವು. ಗಾಳಿಯ ದಾರಿಯನ್ನು ಸುಗಮಗೊಳಿಸಬೇಕೆಂಬ ಆಸೆ ಇಲ್ಲಿಯ ಮಿಸ್ತ್ರಿಗಳಿಗೆ ಬಂದದ್ದು ಸಹಜವೇ ಆಗಿತ್ತು.

ಧೂಳಿನ ಕಾಲ

ಆದರೆ ದಖ್ಖನ್ನಿನಲ್ಲಿ ಮೊದಲು ಎದುರಾದ ಸಮಸ್ಯೆ ಬಲದ್ದಲ್ಲ, ಧೂಳಿನದು. ಆರಂಭದ ಕಾಲದ ಎಷ್ಟೋ ಕಾರುಗಳಿಗೆ ಏರ್ ಫಿಲ್ಟರೇ ಇರಲಿಲ್ಲ. ಕಾರ್ಬುರೇಟರ್ ಬಾಯಿ ತೆರೆದುಕೊಂಡೇ ಗಾಳಿ ಎಳೆಯುತ್ತಿತ್ತು. ಯುರೋಪಿನ ಒದ್ದೆ ರಸ್ತೆಗಳಲ್ಲಿ ಅದು ನಡೆದೀತು. ಕರಿಮಣ್ಣಿನ ಗುಲ್ಬರ್ಗ, ಕೆಂಪುಮಣ್ಣಿನ ಬೀದರ್, ಬಿಸಿಲಿನ ರಾಯಚೂರು ಸೇರಿದ್ದ ಅಂದಿನ ಹೈದರಾಬಾದ್ ಸಂಸ್ಥಾನದಲ್ಲಿ ಅದು ನಡೆಯುವಂತಿರಲಿಲ್ಲ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ತರಿಸಲು ಹೇಳಿದ್ದ ಹಳದಿ ಬಣ್ಣದ ರೋಲ್ಸ್‌ರಾಯ್ಸ್ ಸಿಲ್ವರ್ ಘೋಸ್ಟ್ ಇಂದಿಗೂ ಚೌಮಹಲ್ಲಾ ಅರಮನೆಯಲ್ಲಿ ಹೊಳೆಯುತ್ತಾ ನಿಂತಿದೆ. ಒಳಗೆ ಸಿಂಹಾಸನದಂಥ ಆಸನವಿರುವ ಆ ಕಾರು ಓಡಿದ್ದು ಕೆಲವು ನೂರು ಮೈಲಿಗಳಷ್ಟೇ. ಧೂಳು ಅದನ್ನು ಮುಟ್ಟಲಿಲ್ಲ. ಧೂಳನ್ನು ನಿಜವಾಗಿ ಕುಡಿದವು 1932ರಲ್ಲಿ ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 27 ವಾಹನಗಳೊಂದಿಗೆ ಆರಂಭಿಸಿದ ಬಸ್ಸುಗಳು ಮತ್ತು ಅವುಗಳ ಹಿಂದೆ ಬಂದ ಲಾರಿ, ಜೀಪುಗಳು.

ಧೂಳಿಗೆ ಕಂಡುಕೊಂಡ ಉತ್ತರ ಎಣ್ಣೆಯ ಸ್ನಾನ. ಫಿಲ್ಟರಿನ ಬಟ್ಟಲಲ್ಲಿ ಎಂಜಿನ್ ಎಣ್ಣೆ ತುಂಬಿರುತ್ತಿತ್ತು. ಒಳಬಂದ ಗಾಳಿ ಎಣ್ಣೆಯ ಮೇಲೆ ಬಡಿದು ತಟ್ಟನೆ ಮೇಲಕ್ಕೆ ತಿರುಗಬೇಕು. ತಿರುಗಲಾರದ ಭಾರವಾದ ಧೂಳು ಎಣ್ಣೆಯಲ್ಲಿ ಮುಳುಗುತ್ತದೆ, ಉಳಿದದ್ದು ಎಣ್ಣೆ ಸವರಿದ ತಂತಿ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇದನ್ನು ಆಗಾಗ ಬಿಚ್ಚಿ, ಕೆಸರಾದ ಎಣ್ಣೆ ಚೆಲ್ಲಿ, ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಎಣ್ಣೆಯನ್ನು ಗುರುತಿನ ಮಟ್ಟಕ್ಕೆ ತುಂಬಬೇಕು. ಕಡಿಮೆಯಾದರೆ ಧೂಳು ನುಸುಳುತ್ತದೆ; ಹೆಚ್ಚಾದರೆ ಎಂಜಿನ್ನು ಎಣ್ಣೆಯನ್ನೇ ಎಳೆದುಕೊಂಡು ಹೊಗೆ ಕಾರುತ್ತದೆ. ಇದಕ್ಕೆ ಕಾರ್ಖಾನೆಯ ಮನುಷ್ಯ ಬೇಕಿರಲಿಲ್ಲ. ಚಾಲಕನೋ ಮಾಲೀಕನೋ ಮನೆಯ ಮುಂದೆಯೇ ಮಾಡಿಕೊಳ್ಳುತ್ತಿದ್ದ. ನಮ್ಮ ಸೀಮೆಯಲ್ಲಿ ಎಂಜಿನ್ನಿನ ಮೂಗಿಗೆ ಮನೆಯಂಗಳದಲ್ಲಿ ಕೈ ಹಚ್ಚಿದ ಮೊದಲ ಕೆಲಸ ಇದು. ಅದರ ಉದ್ದೇಶ ವೇಗವಾಗಿರಲಿಲ್ಲ, ಯಂತ್ರದ ಆಯುಸ್ಸಾಗಿತ್ತು.

ಕೊಳ್ಳಲಾಗದ್ದನ್ನು ಮಾಡಿಕೊಂಡವರು

ವೇಗದ ಆಸೆ ಬಂದದ್ದು ಸ್ವಾತಂತ್ರ್ಯದ ನಂತರ. ಅದಕ್ಕೆ ಕಾರಣವಾದದ್ದು ವಿಚಿತ್ರವೆಂಬಂತೆ ಅಭಾವ. ಇಲ್ಲಿ ಒಂದು ಕನ್ನಡದ ಅಧ್ಯಾಯವನ್ನು ನೆನೆಯಬೇಕು. 1930ರ ದಶಕದ ಮಧ್ಯದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪು ಮತ್ತು ಅಮೆರಿಕಗಳಲ್ಲಿ ಸಂಚರಿಸಿ, ಭಾರತದಲ್ಲಿ ಮೋಟಾರು ಕಾರಿನ ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಮೈಸೂರು ಸಂಸ್ಥಾನ ಆಸಕ್ತಿ ತೋರಿತು, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಬ್ರಿಟಿಷ್ ಆಡಳಿತದ ನಿರುತ್ಸಾಹದಿಂದ ಯೋಜನೆ ಕೈಗೂಡಲಿಲ್ಲ. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದರು. ಕಾರಿನ ಕಾರ್ಖಾನೆಯಾದ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಹೀಗೆ ಮೈಸೂರು ಸೀಮೆಯಲ್ಲಿ ತಯಾರಾಗಬಹುದಾಗಿದ್ದ ಕಾರು ಕುರ್ಲಾದಿಂದ ಬಂತು. ಬೆಂಗಳೂರಿಗೆ ಸಿಕ್ಕಿದ್ದು ಲೇತು, ಮಿಲ್ಲಿಂಗ್ ಯಂತ್ರ, ಅಳತೆಯ ಶಿಸ್ತು ಬಲ್ಲ ಕುಶಲ ಕಾರ್ಮಿಕರ ಒಂದು ದೊಡ್ಡ ಸಮುದಾಯ. ವಿಮಾನ ಕಾರ್ಖಾನೆಗೆ ಎಚ್‌.ಎಂ.ಟಿ.ಯೂ, 1951ರಲ್ಲಿ ಆರಂಭವಾದ ಮೈಕೊ ಕೂಡ ಸೇರಿದವು. ಹೈದರಾಬಾದಿನಲ್ಲಿಯೂ ಇಂಥದೇ ಬೆಳವಣಿಗೆ ನಡೆಯಿತು. 1942ರ ಆಲ್ವಿನ್ ಮೆಟಲ್ ವರ್ಕ್ಸ್ ಬಸ್ಸಿನ ಮೈ ಕಟ್ಟಿತು. 1943ರ ಪ್ರಾಗಾ ಟೂಲ್ಸ್ ಯಂತ್ರೋಪಕರಣ ತಯಾರಿಸಿತು. ಎರಡೂ ನಗರಗಳಲ್ಲಿ ಸಂಜೆ ಕಾರ್ಖಾನೆಯಿಂದ ಮನೆಗೆ ಮರಳುವ ಕೈಗಳಿಗೆ ಲೋಹದ ಭಾಷೆ ತಿಳಿದಿತ್ತು.

ಆ ಕೈಗಳ ಮುಂದೆ ಇದ್ದ ಕಾರುಗಳಾದರೋ ಬೆರಳೆಣಿಕೆಯವು. ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಡರ್, ಪ್ರೀಮಿಯರ್ ಕಂಪನಿಯ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ದೇಶದೊಳಗೆ ತಯಾರಿಸುವ ಯೋಜನೆಯಿಲ್ಲದವರಿಗೆ ಇಲ್ಲಿ ಜಾಗವಿಲ್ಲ ಎಂದು 1950ರ ದಶಕದ ಆರಂಭದಲ್ಲಿ ಸರ್ಕಾರ ನೀತಿ ರೂಪಿಸಿದ ಮೇಲೆ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಹೊರಟುಹೋದವು. ಆಮದಿನ ಬಾಗಿಲು ಮುಚ್ಚಿತು. ಫಿಯಟ್ ಕೊಳ್ಳಲು ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಯಿತು. ಸ್ಪೋರ್ಟ್ಸ್ ಕಾರು ಎಂಬುದು ಅಂಗಡಿಯಲ್ಲಿ ಸಿಗುವ ವಸ್ತುವಾಗಿರಲಿಲ್ಲ. ಬೇಕೆಂದವನು ಸುಮಾರು 40 ಅಶ್ವಶಕ್ತಿಯ ಫಿಯಟ್ಟನ್ನೇ ಸ್ಪೋರ್ಟ್ಸ್ ಕಾರನ್ನಾಗಿ ಮಾಡಿಕೊಳ್ಳಬೇಕಿತ್ತು.

ಅದಕ್ಕೆ ದಾರಿ ತೋರಿದ್ದು ಶೋಲಾವರಂ. ಮದ್ರಾಸಿನ ಹೊರವಲಯದಲ್ಲಿದ್ದ ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯ ಮೇಲೆ 1950ರ ದಶಕದಿಂದ ಕಾರು ಮತ್ತು ಬೈಕುಗಳ ಪಂದ್ಯ ನಡೆಯತೊಡಗಿತು. ಬೆಂಗಳೂರು, ಕೊಯಮತ್ತೂರು, ಹೈದರಾಬಾದು, ಕಲ್ಕತ್ತಗಳಿಂದ ಸ್ಪರ್ಧಿಗಳು ಬರುತ್ತಿದ್ದರು. ದಿನನಿತ್ಯ ಮಕ್ಕಳನ್ನು ಶಾಲೆಗೆ ಬಿಡುವ ಫಿಯಟ್ಟಿಗೂ ಅಲ್ಲಿ ಓಡುವ ಫಿಯಟ್ಟಿಗೂ ಹೊರಗಿನಿಂದ ಹೆಚ್ಚು ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವೆಲ್ಲ ಬಾನೆಟ್ಟಿನ ಕೆಳಗೆ. ಸಿಲಿಂಡರ್ ಹೆಡ್ಡನ್ನು ತೆಳುವಾಗಿ ಕೆತ್ತಿಸಿ ಒತ್ತಡ ಹೆಚ್ಚಿಸುವುದು, ಗಾಳಿ ಹೋಗುವ ರಂಧ್ರಗಳನ್ನು ಅರದಿಂದಲೂ ಎಮರಿ ಕಾಗದದಿಂದಲೂ ಉಜ್ಜಿ ನುಣುಪು ಮಾಡುವುದು, ಒಂದರ ಬದಲು ಎರಡು ಕಾರ್ಬುರೇಟರ್ ಕೂರಿಸುವುದು, ಫಿಲ್ಟರ್ ಡಬ್ಬಿ ತೆಗೆದು ನಾದಸ್ವರದ ಅಣಸಿನಂತೆ ಅಗಲ ಬಾಯಿಯ ಕೊಳವೆ ಜೋಡಿಸುವುದು ಮುಂತಾದ ಕೆಲಸಗಳು ನಡೆಯುತ್ತಿದ್ದವು. ಅಂಬಾಸಡರಿನ ಎಸ್‌.ಯು. ಕಾರ್ಬುರೇಟರಿನಲ್ಲಿ ಪಿಸ್ಟನ್ನಿಗೆ ಅಂಟಿದ ಒಂದು ಸೂಜಿಯಿರುತ್ತದೆ. ಗಾಳಿ ಹೆಚ್ಚಿದಂತೆ ಸೂಜಿ ಮೇಲೆದ್ದು ಪೆಟ್ರೋಲಿಗೆ ದಾರಿ ಬಿಡುತ್ತದೆ. ಗಾಳಿಯ ದಾರಿ ಬದಲಿಸಿದವನು ಸೂಜಿಯ ಓರೆಯನ್ನೂ ಬದಲಿಸಲೇಬೇಕು. ಸರಿಹೋಯಿತೇ ಎಂದು ತಿಳಿಯಲು ಯಂತ್ರವಿರಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುತ್ತಿದ್ದರು. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಗಾಳಿ ಹೆಚ್ಚು, ಕಾಫಿಪುಡಿಯ ಬಣ್ಣವಿದ್ದರೆ ಸರಿ. ಯಾವ ಪಠ್ಯಪುಸ್ತಕಕ್ಕೂ ಕಾಯದೆ ಬಾಯಿಂದ ಬಾಯಿಗೆ ಹರಿದ ವಿದ್ಯೆ ಇದು.

ಬೇಕಾದ ಸಾಮಾನು ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ, ಹೊಸದು ಕೈಗೆಟುಕದಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತಿತ್ತು. ಹೈದರಾಬಾದಿನವರು ಸಿಕಂದರಾಬಾದಿನ ರಾಣಿಗಂಜಿಗೆ ಹೋಗುತ್ತಿದ್ದರು. ಬೆಂಗಳೂರು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1980ರ ದಶಕದ ಆರಂಭದಲ್ಲಿ ಅಲ್ಲಿಯ ಸಿಪಾನಿ ಸಂಸ್ಥೆ ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ 'ಡಾಲ್ಫಿನ್' ತಯಾರಿಸಿತು. 848 ಸಿ.ಸಿ.ಯ ಅಲ್ಯುಮಿನಿಯಂ ಎಂಜಿನ್ನು, ಫೈಬರ್‌ಗ್ಲಾಸ್ ಮೈ. ಸಂಸಾರಸ್ಥರು ಅದನ್ನು ನಂಬಲಿಲ್ಲ. ಆದರೆ ಅದರ ಹಗುರತನವನ್ನು ಕಂಡ ಪಂದ್ಯಗಾರರು ಅದನ್ನು ಶೋಲಾವರಂಗೂ ರ‍್ಯಾಲಿಗಳಿಗೂ ಕೊಂಡೊಯ್ದರು. ಕನ್ನಡ ನಾಡಿನಲ್ಲಿ ತಯಾರಾಗಿ ಓಟದಲ್ಲಿ ಹೆಸರು ಮಾಡಿದ ಕಾರುಗಳಲ್ಲಿ ಡಾಲ್ಫಿನ್ನಿಗೆ ಸಲ್ಲಬೇಕಾದ ಸ್ಥಾನ ನಮ್ಮ ಬರವಣಿಗೆಯಲ್ಲಿ ಇನ್ನೂ ಸಂದಿಲ್ಲ.

ಉಸ್ತಾದರ ಶಾಲೆ

ಹೈದರಾಬಾದಿನ ಗ್ಯಾರೇಜುಗಳಿಗೆ ಅವುಗಳದೇ ಒಂದು ಸಂಪ್ರದಾಯವಿದೆ. ಸಂಗೀತದ ಘರಾನೆಯಂತೆ ಇಲ್ಲಿಯೂ ಉಸ್ತಾದ್ ಮತ್ತು ಶಾಗಿರ್ದ್. ಹುಡುಗ ಮೊದಲು ಚಹಾ ತರುತ್ತಾನೆ, ಆಮೇಲೆ ಪಾನಾಗಳ ನಂಬರು ಕಲಿಯುತ್ತಾನೆ, ಕೊನೆಗೆ ಒಂದು ದಿನ ಉಸ್ತಾದರು ಕಾರ್ಬುರೇಟರಿನ ಸ್ಕ್ರೂ ಅವನ ಕೈಗೆ ಕೊಡುತ್ತಾರೆ. ದಖ್ಖನಿ ಉರ್ದು, ತೆಲುಗು, ಬೀದರ್ ಕಡೆಯಿಂದ ಬಂದವರ ಕನ್ನಡ, ಮರಾಠಿ ಇವೆಲ್ಲ ಬೆರೆತ ಈ ಶಾಲೆಯಲ್ಲಿ ಎಂಜಿನ್ನಿನ ಸದ್ದನ್ನು ಕೇಳಿ ರೋಗ ಹೇಳುವುದು ಪರೀಕ್ಷೆ.

ಈ ಕೈಕೆಲಸದ ಸಂಪ್ರದಾಯ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ನಗರದ ಬಹದ್ದೂರ್‌ಪುರದಲ್ಲಿ, ಮೃಗಾಲಯದ ಸಮೀಪ, 2010ರಲ್ಲಿ ಆರಂಭವಾದ ಸುಧಾ ಕಾರ್ಸ್ ಮ್ಯೂಸಿಯಂ ಸಾಕ್ಷಿ. ಶಾಲಾ ದಿನಗಳಿಂದಲೇ ಗುಜರಿ ಸಾಮಾನು ಜೋಡಿಸುವ ಹುಚ್ಚು ಹಿಡಿಸಿಕೊಂಡ ಕೆ. ಸುಧಾಕರ್ ಅವರು ಕ್ರಿಕೆಟ್ ಬ್ಯಾಟು, ಬೂಟು, ಪುಸ್ತಕ ಮುಂತಾದ ಆಕಾರಗಳಲ್ಲಿ ನಿಜವಾಗಿ ಓಡುವ ಕಾರುಗಳನ್ನು ತಯಾರಿಸಿ ಅಲ್ಲಿ ಇಟ್ಟಿದ್ದಾರೆ. 2005ರಲ್ಲಿ ಅವರು ನಿರ್ಮಿಸಿ ತುಳಿದ ಬೃಹತ್ ಮೂರುಗಾಲಿ ಸೈಕಲ್ಲು ಗಿನ್ನೆಸ್ ದಾಖಲೆ ಸೇರಿತು. ಮಕ್ಕಳು ನಗುವ ಈ ಕಾರುಗಳನ್ನು ನಾವು ಸ್ವಲ್ಪ ಗಂಭೀರವಾಗಿ ನೋಡಬೇಕು. ಬೂಟಿನಾಕಾರದ ಮೈಯೊಳಗೆ ಎಂಜಿನ್ನು ಇಡುವವನು ಅದಕ್ಕೆ ಗಾಳಿ ಎಲ್ಲಿಂದ ಬರಬೇಕು, ಬಿಸಿ ಎಲ್ಲಿಗೆ ಹೋಗಬೇಕು, ಹೊಗೆ ಯಾವ ದಾರಿ ಹಿಡಿಯಬೇಕು ಎಂಬುದನ್ನು ಬಿಡಿಸಲೇಬೇಕು. ಹೊರಗಿನ ವಿನೋದದ ಒಳಗೆ ಕಾರ್ಬುರೇಟರ್ ಯುಗದ ಸಂಪೂರ್ಣ ವಿದ್ಯೆಯಿದೆ.

ಸೆಲ್ಲಾರಿನ ಕೆಲಸ

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. 796 ಸಿ.ಸಿ.ಯ ಮೂರು ಸಿಲಿಂಡರಿನ ಆ ಪುಟ್ಟ ಎಂಜಿನ್ನು ಹಳೆಯ ಲೆಕ್ಕಗಳನ್ನು ತಲೆಕೆಳಗು ಮಾಡಿತು. ಕೊಯಮತ್ತೂರಿನ ಎಸ್‌. ಕರಿವರ್ಧನ್ ಅದೇ ಎಂಜಿನ್ನನ್ನು ಬಳಸಿ ಒಂಟಿ ಆಸನದ ಓಟದ ಕಾರುಗಳನ್ನೇ ಕಟ್ಟಿದರು. 1991ರ ನಂತರ ಮಾರುಕಟ್ಟೆ ತೆರೆಯಿತು. ಹೋಂಡಾ ಸಿಟಿಯ ವಿಟೆಕ್ ಎಂಜಿನ್ನಿನ ಆವೃತ್ತಿ, ಫಿಯಟ್ ಪಾಲಿಯೊ 1.6, ಸ್ಕೋಡಾ ಆಕ್ಟೇವಿಯಾ ಆರ್‌.ಎಸ್‌. ಮುಂತಾದವು ಬಂದವು. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ 1998ರ ಸುಮಾರಿಗೆ ಎರಡು ಆಸನದ 'ಸ್ಟಾರ್ಮ್' ಎಂಬ ಕಾರನ್ನು ಗೋವೆಯಲ್ಲಿ ತಯಾರಿಸಿ ಮಾರಿತು. ಸ್ಪೋರ್ಟ್ಸ್ ಕಾರು ಕಡೆಗೂ ಕೊಳ್ಳುವ ವಸ್ತುವಾಯಿತು. ಜೊತೆಗೆ ಬಿಡಿಭಾಗಗಳೂ ಬಂದವು. ಅಮೆರಿಕದ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ 1969ರಲ್ಲಿ ಕೆನ್ ಮತ್ತು ನಾರ್ಮ್ ಎಂಬಿಬ್ಬರು ತಮ್ಮ ಹೆಸರಿನ ಮೊದಲಕ್ಷರಗಳಿಂದ ಆರಂಭಿಸಿದ ಕೆ ಅಂಡ್ ಎನ್ ಕಂಪನಿಯ, ಎಣ್ಣೆ ಸವರಿದ ಹತ್ತಿಯ ಫಿಲ್ಟರು ಹೈದರಾಬಾದಿನ ತರುಣರ ಬಾಯಲ್ಲೂ ಮನೆಮಾತಾಯಿತು. ಎಣ್ಣೆಯ ಸ್ನಾನ ಹೊಸ ವೇಷದಲ್ಲಿ ಮರಳಿತು ಎನ್ನಬೇಕು.

ಇಂದಿನ ಸೆಲ್ಲಾರಿನಲ್ಲಿ ಆ ಕೆಲಸ ನಡೆಯುವ ಕ್ರಮ ಸರಳವಾಗಿ ಕಾಣುತ್ತದೆ. ಎಂಜಿನ್ನು ತಣ್ಣಗಾದ ಮೇಲೆ ಬ್ಯಾಟರಿಯ ಋಣ ತುದಿಯನ್ನು ಬಿಚ್ಚುತ್ತಾರೆ. ಗಾಳಿಯ ಪ್ರಮಾಣವನ್ನೋ ಉಷ್ಣತೆಯನ್ನೋ ಅಳೆಯುವ ಸೆನ್ಸರಿನ ಕೊಂಡಿಯನ್ನು ಮೆಲ್ಲಗೆ ಕಳಚುತ್ತಾರೆ. 10 ಮಿ.ಮೀ. ಪಾನಾದಿಂದ ಬೋಲ್ಟು ಸಡಿಲಿಸಿ, ಕ್ಲಿಪ್ಪು ತೆಗೆದು, ಪ್ಲಾಸ್ಟಿಕ್ಕಿನ ಫಿಲ್ಟರ್ ಪೆಟ್ಟಿಗೆಯನ್ನು ಎತ್ತುತ್ತಾರೆ. ತೆರೆದ ಬಾಯಿಗೆ ತಕ್ಷಣ ಶುದ್ಧ ಬಟ್ಟೆ ತುರುಕುತ್ತಾರೆ. ಒಳಗೆ ಬಿದ್ದ ಒಂದು ನಟ್ಟು ಎಂಜಿನ್ನನ್ನೇ ನುಂಗಬಲ್ಲದು. ಹೊಸ ಕೊಳವೆ, ಸಿಲಿಕಾನ್ ತೋಳು, ಬಿಗಿಯುವ ಉಂಗುರಗಳು, ಕ್ರ್ಯಾಂಕ್‌ಕೇಸಿನಿಂದ ಬರುವ ಬ್ರೀದರ್ ಪೈಪು, ಸೆನ್ಸರು, ಕೊನೆಗೆ ಫಿಲ್ಟರು. ಬಾನೆಟ್ ಮುಚ್ಚಿದಾಗ ಯಾವುದೂ ತಗುಲಬಾರದು, ಬೆಲ್ಟಿಗೆ ಯಾವುದೂ ಸೋಕಬಾರದು. ಒಂದೆರಡು ಗಂಟೆಯ ಕೆಲಸ. ಕೀಲಿ ತಿರುಗಿಸಿದೊಡನೆ ಹಿಂದೆ ಇರದಿದ್ದ ಒಂದು ಗಂಭೀರ ನಾದ ಕೇಳುತ್ತದೆ, ಮುಖ ಅರಳುತ್ತದೆ.

ಆ ನಾದದ ಮೂಲವನ್ನು ತಿಳಿದರೆ ಅರ್ಧ ಭ್ರಮೆ ಕಳೆಯುತ್ತದೆ. ಕಾರ್ಖಾನೆಯ ಪೆಟ್ಟಿಗೆ ಗಾಳಿ ಸೋಸುವುದಷ್ಟೇ ಅಲ್ಲ, ಎಂಜಿನ್ನು ಗಾಳಿ ಎಳೆಯುವ ಸದ್ದನ್ನೂ ಅಡಗಿಸುತ್ತದೆ. ಪೆಟ್ಟಿಗೆ ಹೋದರೆ ಸದ್ದು ಹೊರಬರುತ್ತದೆ. ಕಿವಿ ಅದನ್ನು ಬಲವೆಂದು ತಿಳಿಯುತ್ತದೆ. ನಿಜವಾದ ಬಲ ಬಂತೇ ಎಂಬುದು ಫಿಲ್ಟರು ಎಲ್ಲಿ ಕುಳಿತಿದೆ ಎಂಬುದರ ಮೇಲೆ ನಿಂತಿದೆ. ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಪಕ್ಕದಲ್ಲೇ ತೆರೆದ ಫಿಲ್ಟರು ಕೂತರೆ ಅದು ಸೇದುವುದು ಕಾದ ಗಾಳಿಯನ್ನು. 60 ಡಿಗ್ರಿ ಗಾಳಿಯ ಸಾಂದ್ರತೆ 25 ಡಿಗ್ರಿ ಗಾಳಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಹೈದರಾಬಾದಿನ ಬೇಸಿಗೆಯ ಸಿಗ್ನಲ್ಲಿನಲ್ಲಿ ನಿಂತ ಇಂಥ ಕಾರು ಕಾರ್ಖಾನೆಯಿಂದ ಬಂದ ದಿನಕ್ಕಿಂತ ದುರ್ಬಲವಾಗಿರಬಹುದು. ಗಾಳಿ ತಣ್ಣಗಿರಲೆಂದು ಕೊಳವೆಯನ್ನು ಕೆಳಗಿಳಿಸಿ ಬಂಪರಿನ ಹಿಂದೆ ಫಿಲ್ಟರು ಇಟ್ಟರೆ ಮತ್ತೊಂದು ಅಪಾಯ. 2020ರ ಅಕ್ಟೋಬರ್ 13ರ ರಾತ್ರಿಯಂಥ ಮಳೆಯಲ್ಲಿ ರಸ್ತೆಯೇ ಹೊಳೆಯಾದಾಗ ಆ ಮೂಗು ನೀರನ್ನು ಎಳೆಯುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ನು ನೀರಿಗೆ ಬಡಿದು ಕನೆಕ್ಟಿಂಗ್ ರಾಡು ಬಾಗುತ್ತದೆ, ಎಂಜಿನ್ನಿನ ಕಥೆ ಅಲ್ಲಿಗೆ ಮುಗಿಯುತ್ತದೆ.

ಇನ್ನು ಸೂಜಿಯ ಓರೆಯನ್ನು ಬದಲಿಸುತ್ತಿದ್ದ ಕೈಗೆ ಇಲ್ಲಿ ಕೆಲಸವಿಲ್ಲ. ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲೆ ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು ಎಂಬುದನ್ನು ನಿರ್ಧರಿಸುವುದು ಕಂಪ್ಯೂಟರು. ಗಾಳಿ ಅಳೆಯುವ ಸೆನ್ಸರು ನಿಶ್ಚಿತ ವ್ಯಾಸದ ಕೊಳವೆಗೆ ಲೆಕ್ಕ ಹಾಕಿದ್ದಾಗಿರುತ್ತದೆ. ಕೊಳವೆ ಅಗಲವಾದರೆ ಅದು ತಪ್ಪು ಲೆಕ್ಕ ಹೇಳುತ್ತದೆ. ಫಿಲ್ಟರಿಗೆ ಸವರಿದ ಎಣ್ಣೆ ಹೆಚ್ಚಾದರೆ ಸೆನ್ಸರಿನ ಕಾದ ತಂತಿಯ ಮೇಲೆ ಪೊರೆ ಕಟ್ಟಿ ಅದು ಕುರುಡಾಗುತ್ತದೆ. ಪ್ಲಗ್ಗಿನ ಬಣ್ಣ ಓದುತ್ತಿದ್ದ ಉಸ್ತಾದರ ಜಾಗದಲ್ಲಿ ಈಗ ಲ್ಯಾಪ್‌ಟಾಪ್ ಹಿಡಿದ ತಜ್ಞನಿದ್ದಾನೆ. ಮನೆಯಂಗಳದಲ್ಲಿ ಉಳಿದದ್ದು ಜೋಡಣೆಯ ಸುಖ; ಹೊಂದಾಣಿಕೆಯ ವಿದ್ಯೆ ಅಲ್ಲಿಂದ ಹೊರಟುಹೋಗಿದೆ.

ಕಾನೂನಿನ ಮುಂದೆ

ಈ ಬದಲಾವಣೆ ಕೇವಲ ತಂತ್ರಜ್ಞಾನದಿಂದ ಬಂದದ್ದಲ್ಲ, ಗಾಳಿಯ ಹೆಸರಿನಲ್ಲಿಯೇ ಬಂದದ್ದು ಎಂಬುದು ಈ ಚರಿತ್ರೆಯ ತಿರುವು. ಎಂ.ಸಿ. ಮೆಹ್ತಾ ಅವರ ಪ್ರಕರಣದಲ್ಲಿ 1999ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿ ವಲಯದ ಹೊಸ ಕಾರುಗಳಿಗೆ ಹೊಗೆಯ ಕಟ್ಟುನಿಟ್ಟಿನ ಮಿತಿಗಳನ್ನು ಜಾರಿಮಾಡಲು ಆದೇಶಿಸಿತು. ಅಲ್ಲಿಂದ ಮುಂದೆ ಭಾರತ್ ಸ್ಟೇಜ್ ಮಾನದಂಡಗಳು ಒಂದೊಂದಾಗಿ ಬಂದವು. ಹೈದರಾಬಾದು ಬೆಂಗಳೂರುಗಳಿಗೆ 2005ರಲ್ಲಿ ಮೂರನೆಯದು, 2010ರಲ್ಲಿ ನಾಲ್ಕನೆಯದು, 2020ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ಆರನೆಯದು. ಕಾರ್ಬುರೇಟರು ಕಾರಿನಿಂದ ಮರೆಯಾದದ್ದು ಈ ಮೆಟ್ಟಿಲುಗಳ ಮೇಲೆಯೇ. ಬೆಳಿಗ್ಗೆ ಎದ್ದೊಡನೆ ಮಗುವಿನ ಆಸ್ತಮಾದ ಇನ್ಹೇಲರ್ ಹುಡುಕುವ ಮನೆಗಳು ನಗರದಲ್ಲಿ ಹೆಚ್ಚುತ್ತಿರುವಾಗ ಇದನ್ನು ಸರ್ಕಾರದ ಕಿರುಕುಳ ಎನ್ನುವಂತಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೆಯ ಕಲಮನ್ನು 2000ದಲ್ಲಿ ತಿದ್ದಿ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಬಾರದು ಎಂದು ಸೇರಿಸಲಾಯಿತು. ಕೇರಳದಿಂದ ಹೋದ ಪ್ರಕರಣದಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯ 182ಎ ಕಲಮು, ಅನುಮತಿಯಿಲ್ಲದ ರೀತಿಯಲ್ಲಿ ಬಿಡಿಭಾಗ ಜೋಡಿಸಿ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿದೆ. ಏರ್ ಫಿಲ್ಟರಿನ ಹೆಸರು ನೋಂದಣಿ ಪತ್ರದಲ್ಲಿ ಇರುವುದಿಲ್ಲ ಎಂಬುದು ಸೆಲ್ಲಾರಿನ ವಾದ. ಆದರೆ ಆ ಕಾರು ಹೊಗೆಯ ಪರೀಕ್ಷೆ ಮುಗಿಸಿ ಪ್ರಮಾಣಪತ್ರ ಪಡೆದದ್ದು ಕಾರ್ಖಾನೆಯ ಗಾಳಿಯ ದಾರಿಯೊಂದಿಗೆ ಎಂಬುದನ್ನೂ ಮರೆಯುವಂತಿಲ್ಲ.

ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ನಿಯಮದ ಎರಡೂ ಮುಖಗಳು ಕಾಣುತ್ತವೆ. ಒಂದು ಕಾಲದ ನಿಯಮ ಕಾರುಗಳನ್ನು ಅಪರೂಪ ಮಾಡಿ ಮನೆಯಂಗಳದ ವಿದ್ಯೆಯನ್ನು ಹುಟ್ಟಿಸಿತು. ಇಂದಿನ ನಿಯಮ ಗಾಳಿಯನ್ನು ಕಾಪಾಡಲು ಹೊರಟು ಆ ವಿದ್ಯೆಯನ್ನು ಮುಚ್ಚುತ್ತಿದೆ. ಎರಡನೆಯದರ ಉದ್ದೇಶ ಮೊದಲನೆಯದಕ್ಕಿಂತ ಹೆಚ್ಚು ನ್ಯಾಯವಾದದ್ದೆಂದು ನಾವು ನಂಬುತ್ತೇವೆ. ಎಂಜಿನ್ನು ಒಳಗೆಳೆದ ಆ 9,000 ಲೀಟರ್ ಗಾಳಿ ಮಾಲೀಕನ ಸ್ವಂತದ್ದಲ್ಲ. ಪಕ್ಕದಲ್ಲಿ ನಿಂತ ಆಟೊ ಚಾಲಕನದೂ ಬಸ್ಸಿಗೆ ಕಾಯುವ ಶಾಲೆಯ ಹುಡುಗಿಯದೂ ಅದೇ ಗಾಳಿ. ಆದರೆ ಹೊಗೆಯನ್ನು ತಡೆಯುವುದು ಬೇರೆ, ಬಾನೆಟ್ಟು ತೆರೆಯುವ ಧೈರ್ಯವನ್ನೇ ಇಲ್ಲವಾಗಿಸುವುದು ಬೇರೆ. ಇತರ ದೇಶಗಳಲ್ಲಿ ಪರೀಕ್ಷೆಗೊಳಪಟ್ಟು ಅನುಮೋದನೆ ಪಡೆದ ಬದಲಿ ಭಾಗಗಳಿಗೆ ದಾರಿಯಿದೆ. ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ಮಿತಿ ಮೀರದ ಇನ್‌ಟೇಕಿಗೆ ಅಲ್ಲಿಯ ವಾಯು ಮಂಡಳಿಯೇ ವಿನಾಯಿತಿ ಸಂಖ್ಯೆ ಕೊಡುತ್ತದೆ. ಅಂಥ ದಾರಿ ಇಲ್ಲಿಯೂ ಸುಲಭವಾಗಿ ತೆರೆದರೆ ಸೆಲ್ಲಾರಿನ ತರುಣ ಕಳ್ಳನಂತೆ ಕೆಲಸ ಮಾಡಬೇಕಿಲ್ಲ. ತನ್ನ ಕೈಕೆಲಸಕ್ಕೆ ಅವನು ಲೆಕ್ಕ ಕೊಡಬೇಕಾಗುತ್ತದೆ, ಅಷ್ಟೇ. ಪ್ಲಗ್ಗಿನ ಬಣ್ಣ ನೋಡುತ್ತಿದ್ದ ಹಿರಿಯರು ಮಾಡುತ್ತಿದ್ದುದೂ ಅದನ್ನೇ.

ಉಸಿರಿಲ್ಲದ ಓಟ

2023ರ ಫೆಬ್ರುವರಿ 11ರಂದು ಹುಸೇನ್ ಸಾಗರದ ದಡದಲ್ಲಿ, ಸಚಿವಾಲಯದ ಸುತ್ತಮುತ್ತಲ ರಸ್ತೆಗಳಲ್ಲಿ, 2.8 ಕಿಲೋಮೀಟರಿನ ಸುತ್ತಿನಲ್ಲಿ ಫಾರ್ಮುಲಾ ಇ ಪಂದ್ಯ ನಡೆಯಿತು. ಫ್ರಾನ್ಸಿನ ಜ್ಯಾನ್ ಎರಿಕ್ ವರ್ನ್ ಗೆದ್ದರು. ಶೋಲಾವರಂನ ಕೂಗನ್ನು ಬಲ್ಲವರಿಗೆ ಅಲ್ಲಿ ಕಿವಿಗೆ ಬಿದ್ದದ್ದು ದುಂಬಿಯ ಝೇಂಕಾರದಂಥ ಒಂದು ಸದ್ದು. ಆ ಕಾರುಗಳಿಗೆ ಕಾರ್ಬುರೇಟರಿಲ್ಲ, ಉರಿಸಲು ಗಾಳಿ ಬೇಕಿಲ್ಲ, ಆದ್ದರಿಂದ ಮೂಗೂ ಇಲ್ಲ. ವಿದ್ಯುತ್ ಕಾರು ರಸ್ತೆಯನ್ನು ತುಂಬಿದ ದಿನ ಈ ಬರಹದ ವಸ್ತು ಚೌಮಹಲ್ಲಾದ ರೋಲ್ಸ್‌ರಾಯ್ಸಿನ ಪಕ್ಕದಲ್ಲಿ ನಿಲ್ಲುತ್ತದೆ. ನಗರದ ಉಸಿರಿಗೆ ಅದು ಒಳ್ಳೆಯದೇ. ಆದರೆ ತನ್ನ ಯಂತ್ರವನ್ನು ತಾನೇ ಬಿಚ್ಚಿ ಅರಿಯುವ ಪದ್ಧತಿ ಅದರ ಜೊತೆಗೇ ವಸ್ತುಸಂಗ್ರಹಾಲಯ ಸೇರಿದರೆ ನಷ್ಟ ದೊಡ್ಡದು. ಮೊಹರು ಹಾಕಿದ ಬ್ಯಾಟರಿಯ ಮುಂದೆ ಮುಂದಿನ ಪೀಳಿಗೆ ಕೈಕಟ್ಟಿ ನಿಲ್ಲಬಾರದು.

ಸದ್ಯಕ್ಕೆ ಆ ಪದ್ಧತಿ ಪೂರ್ತಿ ಅಳಿದಿಲ್ಲ. ಹೈದರಾಬಾದಿನಿಂದ ಮುಂಬಯಿ ಹೆದ್ದಾರಿ ಹಿಡಿದು ಜಹೀರಾಬಾದ್ ದಾಟಿ ಬೀದರಿನ ಕಡೆ ತಿರುಗಿದರೆ ಎರಡೂ ಬದಿಗೆ ಕೆಂಪು ಹೊಲಗಳು, ತೊಗರಿ, ಕಬ್ಬು. ಅಲ್ಲಿ ಹಳೆಯ ಟ್ರ್ಯಾಕ್ಟರುಗಳ ಮೂಗಿನಲ್ಲಿ ಎಣ್ಣೆಯ ಬಟ್ಟಲು ಈಗಲೂ ಇದೆ. ಉಳುಮೆಯ ಕಾಲದಲ್ಲಿ ಅದನ್ನು ಬಿಚ್ಚಿ, ಕೆಸರು ಚೆಲ್ಲಿ, ಜಾಲರಿ ತೊಳೆದು, ಗುರುತಿನ ಮಟ್ಟಕ್ಕೆ ಎಣ್ಣೆ ತುಂಬಿ ಮತ್ತೆ ಕೂರಿಸುವವರು ಅಲ್ಲಿಯ ರೈತರೇ. ಅದನ್ನು ಯಾರೂ ಇನ್‌ಟೇಕ್ ಕೆಲಸ ಎಂದು ಕರೆಯುವುದಿಲ್ಲ. ಗಾಡಿ ತೊಳೆದೆ ಎನ್ನುತ್ತಾರೆ, ಅಷ್ಟೇ.